ಶಾಮಶಾಸ್ತ್ರಿಗಳ ಕುರಿತ ನಿಮ್ಮ ಲೇಖನ: ಮೂರನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ತಾಳೆಗರಿಯಿಂದ ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳ ಮೇಲೆ ನೀವು ಕಳಿಸಿದ ಎಂಟು ಪುಟದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಮಾಡಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಮೂರನೇ ಪುಟದ ಒಂದು ಪ್ಯಾರಾ.

ಮೊದಲ ಎರಡು ಪುಟದ ತುಂಬ ‘ಮಹಾನ್ ಚೇತನ’, ‘ಜ್ಞಾನಸೂರ್ಯ’, ‘ನಾಡಿನ ಹೆಮ್ಮೆಯ ಪುತ್ರ’. ಇಲ್ಲಿ ಶಾಮಶಾಸ್ತ್ರಿಗಳ ಬದಲು ಬೇರೆ ಯಾರ ಹೆಸರಿಟ್ಟರೂ ನಡೆಯುತ್ತದೆ, ಅಲ್ವಾ? 1868ರಲ್ಲಿ ಕಾವೇರಿ ದಡದ ರುದ್ರಪಟ್ಟಣದಲ್ಲಿ ಹುಟ್ಟಿದರು ಎಂಬ ಒಂದು ಸಾಲನ್ನು ಉಳಿಸಿಕೊಂಡು ಮಿಕ್ಕದ್ದನ್ನು ಹೊಡೆದುಹಾಕಿ. ಮಹಾರಾಜರು ಜರ್ಮನಿಗೆ ಹೋದಾಗ ‘ಶಾಮಶಾಸ್ತ್ರಿಗಳ ಮೈಸೂರಾ?’ ಎಂದು ಅಲ್ಲಿಯವರು ಕೇಳಿದರಂತೆ ಎಂಬ ಕತೆ ನನಗೂ ಇಷ್ಟ. ಆದರೆ ಯಾವ ವರ್ಷ, ಯಾವ ಊರು, ಕೇಳಿದ್ದು ಯಾರು? ದಾಖಲೆ ಇದ್ದರೆ ಹಾಕಿ. ಇಲ್ಲವಾದರೆ ಜನ ಹೇಳುವ ಕತೆ ಅಂತಲೇ ಬರೆಯಿರಿ.

ಈಗ ಆ ಮೂರನೇ ಪುಟ. 1905ರ ಹೊತ್ತಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ತಮಿಳು ನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಲಿಪಿ. ಅದು ರಾಜ್ಯ ಆಳುವ ಬಗೆ ಹೇಳುವ ಹಳೆಯ ಸಂಸ್ಕೃತ ಗ್ರಂಥ, ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿದವರು ಅಲ್ಲಿ ಕೆಲಸಕ್ಕಿದ್ದ ಶಾಮಶಾಸ್ತ್ರಿಗಳು. ಅಲ್ಲಿಯವರೆಗೆ ಆ ಗ್ರಂಥ ಗೊತ್ತಿದ್ದದ್ದು ದಂಡಿ, ಬಾಣ ಮುಂತಾದ ಹಳೆಯ ಸಂಸ್ಕೃತ ಲೇಖಕರು ಅದರ ಮಾತೆತ್ತಿದ್ದರಿಂದ. 1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು.

ಇದನ್ನು ನೀವು, ಆ ಪಂಡಿತರನ್ನು ಬಿಟ್ಟು, ಐದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಲೇಖನ ಇರುವುದೇ ಅಲ್ಲಿ! ಕೈಯಲ್ಲಿದ್ದದ್ದು ಮುಖ್ಯವಾಗಿ ಒಂದೇ ಪ್ರತಿ, ಜೊತೆಗೆ ಸ್ವಲ್ಪ ಭಾಗಕ್ಕೆ ಮಾತ್ರ ಭಟ್ಟಸ್ವಾಮಿಯ ವ್ಯಾಖ್ಯಾನ. ಒಂದು ಅಕ್ಷರ ಅನುಮಾನ ಬಂದರೆ ಹೋಲಿಸಿ ನೋಡಲು ಬೇರೆ ಪ್ರತಿ ಬೇಕಲ್ಲ? ಒಳಗೆ ಇರುವುದೂ ಕಾವ್ಯವಲ್ಲ. ತೂಕ, ಅಳತೆ, ಸುಂಕ, ಆನೆ ಕಾಡು, ಹೆಂಡದ ಅಧಿಕಾರಿ. ಮನೆಯಿಂದ ಹೊರಗೆ ಬಾರದ ಹೆಂಗಸರಿಗೆ ನೂಲುವ ಕೆಲಸ ಕೊಡುವುದು ಹೇಗೆ ಎಂಬುದೂ ಇದೆ. ಬಳಕೆಯಿಂದ ಬಿಟ್ಟುಹೋದ ಇಂಥ ಪದಗಳಿಗೆ ಅರ್ಥ ಕಟ್ಟುತ್ತಾ ಕೂತ ಮನುಷ್ಯನನ್ನು ನನಗೆ ತೋರಿಸಿ. ಒಂದೇ ಒಂದು ಪದ ಹಿಡಿದು ತೋರಿಸಿದರೂ ಸಾಕು. ಆ ತಂಜಾವೂರಿನ ಪಂಡಿತರನ್ನೂ ಮರೆಯಬೇಡಿ. ನಿಮ್ಮ ಲೇಖನದಲ್ಲಿ ಅವರು ಇಲ್ಲವೇ ಇಲ್ಲ, ನನಗೆ ಅದು ಬೇಸರವಾಯಿತು.

ಆಮೇಲೆ ಶಾಮಶಾಸ್ತ್ರಿಗಳು ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾದದ್ದು, ವೇದಕಾಲದ ಪಂಚಾಂಗದ ಮೇಲೆ ಬರೆದದ್ದು ಒಂದು ಪ್ಯಾರಾದಲ್ಲಿ ಬರಲಿ.

ಕೊನೆಯ ಪುಟದಲ್ಲಿ ‘ಜಗತ್ತೇ ಬೆರಗಾಯಿತು’ ಎಂದಿದ್ದೀರಿ. ಬೆರಗಾಗಿ ಏನು ಮಾಡಿತು? ತಿರುವನಂತಪುರದ ಗಣಪತಿ ಶಾಸ್ತ್ರಿಗಳು ಇನ್ನೊಂದು ಆವೃತ್ತಿ ತಂದರು. 1960ರ ದಶಕದಲ್ಲಿ ಆರ್. ಪಿ. ಕಾಂಗ್ಲೆ ಹೆಚ್ಚು ಪ್ರತಿಗಳನ್ನು ಹೋಲಿಸಿ ಮೂಲದ ಹೊಸ ಪಾಠ ಸಿದ್ಧಪಡಿಸಿದರು. ಅರ್ಥಶಾಸ್ತ್ರ ಒಬ್ಬನೇ ಬರೆದದ್ದಲ್ಲ ಎಂದು ಥಾಮಸ್ ಟ್ರೌಟ್‌ಮನ್ 1971ರಲ್ಲಿ ಪದಗಳ ಲೆಕ್ಕ ಹಾಕಿ ವಾದಿಸಿದರು. ಪ್ಯಾಟ್ರಿಕ್ ಒಲಿವೆಲ್ 2013ರಲ್ಲಿ ಮತ್ತೆ ಅನುವಾದಿಸಿದರು. ಶಾಮಶಾಸ್ತ್ರಿಗಳ ಎಷ್ಟೋ ಅರ್ಥಗಳನ್ನು ಇವರು ತಿದ್ದಿದ್ದಾರೆ. ಅದನ್ನು ಬರೆಯಲು ಹಿಂಜರಿಯಬೇಡಿ, ಅವರಿಗೆ ಅದರಿಂದ ಅಗೌರವ ಆಗುವುದಿಲ್ಲ. ಮೊದಲು ಒಬ್ಬರು ಓದಿಕೊಟ್ಟಿದ್ದರಿಂದಲೇ ಉಳಿದವರಿಗೆ ತಿದ್ದಲು ಏನಾದರೂ ಸಿಕ್ಕಿತು.

ಆಗುವುದಾದರೆ ಒಂದು ದಿನ ಮೈಸೂರಿಗೆ ಹೋಗಿ ಬನ್ನಿ. ಆ ಲೈಬ್ರರಿ ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ. ತಾಳೆಗರಿ ಎಷ್ಟು ಅಗಲ ಇರುತ್ತದೆ, ಅಕ್ಷರ ಎಷ್ಟು ಸಣ್ಣದು ಎಂದು ಕಣ್ಣಾರೆ ನೋಡಿ, ಆಮೇಲೆ ಆ ಐದು ಸಾಲನ್ನು ಮತ್ತೆ ಬರೆಯಿರಿ. ನಾಲ್ಕು ಪುಟ ದಾಟುವುದು ಬೇಡ. ನೇರವಾಗಿ ನನಗೇ ಕಳಿಸಿ, ಕಾಯುತ್ತಿರುತ್ತೇನೆ.