ಓದುಗರ ಪ್ರಶ್ನೆ: ಭುಜ್ ಭೂಕಂಪದಲ್ಲಿ ನೆಲ ಯಾಕೆ ಕೈಕೊಡ್ತು, ಪಾರ್ಕಿಂಗ್ ಮೇಲಿನ ಮನೆಗಳು ಯಾಕೆ ಬಿದ್ವು?

ಭೂಕಂಪದ ಬಗ್ಗೆ ಬಂದಿದ್ದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿರೋದು 2001ರಲ್ಲಿ ಗುಜರಾತ್‌ನ ಕಚ್ಛ್‌ನಲ್ಲಿ ಆದ ಭುಜ್ ಭೂಕಂಪದ ವಿಷಯ, ಅದಕ್ಕೇ ಈ ಸಲ ಅದನ್ನೇ ಹಿಡ್ಕೊಂಡಿದೀನಿ.

ಪ್ರಶ್ನೆ (ಹುಬ್ಬಳ್ಳಿಯಿಂದ ಒಬ್ಬ ತಾಯಿ): ನನ್ನ ಮಗಗ ಕಾಂಡ್ಲಾ ಬಂದರಿನ ಹತ್ರ ಕೆಲಸ ಸಿಕ್ಕೈತ್ರಿ, ಗಾಂಧಿಧಾಮದಾಗ ನಾಕನೇ ಮಹಡಿ ಮ್ಯಾಲೆ ಬಾಡಿಗಿ ಮನಿ ನೋಡ್ಯಾನ. ಭೂಕಂಪ ಆದಾಗ ನೆಲದಾಗಿಂದ ಉಪ್ಪುನೀರು ಚಿಮ್ಮಿತ್ತು, ಬತ್ತಿದ ಹೊಳಿ ಮತ್ತ ಹುಟ್ಟಿತ್ತು ಅಂತ ಅಲ್ಲಿ ಮಂದಿ ಹೇಳ್ತಾರಂತ. ಖರೇ ಏನ್ರಿ? ಮನಿ ಹಿಡಿಯೂ ಮುಂದ ಏನ್ ನೋಡ್ಬೇಕು?

ಉತ್ತರ: ನೀರು ಚಿಮ್ಮಿದ್ದು ಖರೇ ಅಮ್ಮ, ಹೊಳೆ ಹುಟ್ಟಿದ್ದು ಮಾತ್ರ ಅಲ್ಲ. 2001 ಜನವರಿ 26, ಗಣರಾಜ್ಯೋತ್ಸವದ ದಿನ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಕಚ್ಛ್‌ನ ಭಚಾವ್ ಹತ್ತಿರ ನೆಲದಡಿ ಬಂಡೆ ಜಾರಿ 7.7 ತೀವ್ರತೆಯ ಭೂಕಂಪ ಆಯ್ತು. ಸರ್ಕಾರದ ಲೆಕ್ಕದಲ್ಲೇ 13,800ಕ್ಕಿಂತ ಜಾಸ್ತಿ ಜನ ಹೋದ್ರು. ಇಷ್ಟು ದೊಡ್ಡ ಭೂಕಂಪ ಆದ್ರೂ ಬಂಡೆ ಜಾರಿದ ಗೆರೆ ನೆಲದ ಮೇಲೆ ನೇರವಾಗಿ ಕಾಣಿಸ್ಲಿಲ್ಲ, ಒಳಗೇ ಉಳೀತು. ಜನ ನೋಡಿದ ಬಿರುಕುಗಳಲ್ಲಿ ಹೆಚ್ಚಿನವು ಮೇಲಿನ ಮಣ್ಣು ಸಡಿಲ ಆಗಿ ಪಕ್ಕಕ್ಕೆ ಸರಿದು ಬಿಟ್ಕೊಂಡಿದ್ದು.

ನೀರಿನ ವಿಷಯ ಹೀಗೆ. ಕಚ್ಛ್‌ನ ರಣ್ ಅನ್ನೋ ಉಪ್ಪು ಬಯಲು, ಅದರ ಪಕ್ಕದ ಬನ್ನಿ ಬಯಲಲ್ಲಿ ಮೇಲೆ ಒಣಗಿದ ಉಪ್ಪಿನ ಪದರ ಕಂಡ್ರೂ ಸ್ವಲ್ಪ ಕೆಳಗೆ ನೀರು ತುಂಬಿದ ಸಡಿಲ ಮರಳು, ಜೇಡಿಮಣ್ಣು ಇದೆ. ಮಲ್ಪೆ ಬೀಚಲ್ಲಿ ಒದ್ದೆ ಮರಳ ಮೇಲೆ ನಿಂತು ಕಾಲನ್ನ ತಕತಕ ತುಳಿದ್ರೆ ಗಟ್ಟಿ ಇದ್ದ ಮರಳು ಮೆತ್ತಗಾಗಿ ನೀರು ಮೇಲೆ ಬಂದು ಪಾದ ಇಳಿಯತ್ತಲ್ಲ, ಆದದ್ದು ಅದೇ, ಆದ್ರೆ ಸಾವಿರಾರು ಚದರ ಕಿಲೋಮೀಟರ್ ಜಾಗದಲ್ಲಿ. ನೆಲ ಜೋರಾಗಿ ಅಲುಗಾಡ್ದಾಗ ಮರಳಿನ ಕಾಳುಗಳು ಹತ್ತಿರ ಬಂದು ಕೂರೋಕೆ ನೋಡ್ತವೆ, ಮಧ್ಯೆ ಇರೋ ನೀರಿಗೆ ಅಷ್ಟು ಬೇಗ ಹೊರಗೆ ಹೋಗೋಕೆ ದಾರಿ ಇರಲ್ಲ, ನೀರಿನ ಒತ್ತಡ ಏರಿ ಏರಿ ಕೊನೆಗೆ ಮೇಲಿನ ಭಾರವನ್ನ ಕಾಳುಗಳ ಬದಲು ನೀರೇ ಹೊರೋ ಹಾಗಾಗತ್ತೆ, ಆ ಕ್ಷಣದಲ್ಲಿ ಮಣ್ಣಿಗೆ ಯಾವ ಶಕ್ತಿನೂ ಇರಲ್ಲ. ಇದಕ್ಕೆ ಎಂಜಿನಿಯರುಗಳು ಲಿಕ್ವಿಫ್ಯಾಕ್ಷನ್ ಅಂತಾರೆ. ಒತ್ತಡದ ನೀರು ಬಿರುಕು ಸಿಕ್ಕಲ್ಲಿ ಮರಳನ್ನೂ ಎಳ್ಕೊಂಡು ಚಿಮ್ಮತ್ತೆ. ಹಳೇ ಕಾಲದ ನದಿಪಾತ್ರಗಳು ರಣ್‌ನಲ್ಲಿ ಮರಳು ತುಂಬಿ ಮುಚ್ಚಿಹೋಗಿದ್ವು, ಅಲ್ಲಿನ ಮರಳು ಇನ್ನೂ ಸಡಿಲ, ಅದಕ್ಕೆ ನೀರು ಆ ದಾರಿಗಳ ಗುಂಟ ಸಾಲಾಗಿ ಕಾಣಿಸ್ತು, ಉಪಗ್ರಹದ ಚಿತ್ರದಲ್ಲೂ ಬಂತು, ಜನ ಸರಸ್ವತಿ ವಾಪಸ್ ಬಂದ್ಳು ಅಂದ್ರು. ಹಾಗಂದವರನ್ನ ನಾನು ಆಡ್ಕೊಳಲ್ಲ, ಅಷ್ಟು ದೊಡ್ಡ ದುಃಖದಲ್ಲಿ ಮರುಭೂಮೀಲಿ ನೀರು ಕಂಡ್ರೆ ಯಾರಿಗಾದ್ರೂ ಹಾಗನ್ಸತ್ತೆ. ಆದ್ರೆ ಆ ನೀರಿಗೆ ಹಿಂದಿನಿಂದ ಸೆಲೆ ಇರ್ಲಿಲ್ಲ, ಬತ್ತಿಹೋಯ್ತು.

ಕಚ್ಛ್‌ಗೆ ಇದು ಹೊಸದೂ ಅಲ್ಲ. 1819 ಜೂನ್ 16ರ ಭೂಕಂಪದಲ್ಲಿ ರಣ್‌ನ ಒಂದು ಪಟ್ಟಿ ಎಷ್ಟೋ ಮೈಲಿ ಉದ್ದಕ್ಕೆ ದಿಬ್ಬದ ಹಾಗೆ ಎದ್ದು ನಿಂತು ಅಲ್ಲಾ ಬಂಡ್ ಅನ್ನೋ ಹೆಸರು ಪಡೀತು, ಅದರ ದಕ್ಷಿಣಕ್ಕಿದ್ದ ಸಿಂದ್ರಿ ಕೋಟೆ ನೀರಲ್ಲಿ ಮುಳುಗ್ತು.

ಈಗ ನಿಮ್ಮ ಮಗನ ಮನೆ. ಕಾಂಡ್ಲಾ ಬಂದರಲ್ಲೇ ಕಣ್ಣಿಗೆ ಕಾಣೋ ಉದಾಹರಣೆ ಇತ್ತು, ಅಲ್ಲಿನ ಬಂದರು ಮತ್ತು ಕಸ್ಟಮ್ಸ್ ಕಚೇರಿ ಟವರ್ ಸುಮಾರು 22 ಮೀಟರ್ ಎತ್ತರ, 32 ಪೈಲ್ ಮೇಲೆ, ಅಂದ್ರೆ ನೆಲದ ಆಳಕ್ಕೆ ಇಳಿಸಿದ ಕಂಬಗಳ ಮೇಲೆ ಕೂತಿತ್ತು, ಮೇಲೆ ಜೇಡಿಮಣ್ಣು ಕೆಳಗೆ ಮರಳು. ಮರಳು ಕೈಕೊಟ್ಟ ಮೇಲೆ ಇಡೀ ಟವರ್ ಒಂದು ಕಡೆಗೆ ವಾಲ್ತು, ಆದ್ರೆ ಬೀಳ್ಲಿಲ್ಲ. ಕಟ್ಟಡ ಚೆನ್ನಾಗಿದ್ರೂ ನೆಲ ಸರಿ ಇಲ್ದಿದ್ರೆ ಹೀಗಾಗತ್ತೆ. ಅದಕ್ಕೆ ಮಗನಿಗೆ ಹೇಳಿ, ಓನರ್ ಹತ್ರ ಮೊದಲು ಕೇಳಬೇಕಾದ್ದು ಜಾಗ ಹಿಂದೆ ಏನಾಗಿತ್ತು ಅಂತ, ಸಮುದ್ರದ ಹಿನ್ನೀರಿನ ಜಾಗಕ್ಕೆ ಮಣ್ಣು ತುಂಬಿಸಿ ಕಟ್ಟಿದ್ದಾ, ಸಾಯಿಲ್ ಟೆಸ್ಟ್ ಮಾಡ್ಸಿದಾರಾ, ಪೈಲ್ ಗಟ್ಟಿ ಪದರದವರೆಗೆ ಹೋಗಿದ್ಯಾ ಅಂತ. ಆಮೇಲೆ ಕೆಳಗಿಳಿದು ಪಾರ್ಕಿಂಗ್ ನೋಡ್ಲಿ. ನಾಲ್ಕೂ ಕಡೆ ಗೋಡೆನೇ ಇಲ್ದೆ ಬರೀ ತೆಳ್ಳನೆ ಪಿಲ್ಲರ್ ಮೇಲೆ ಕಟ್ಟಡ ನಿಂತಿದ್ರೆ, ಅದೂ 2002ಕ್ಕಿಂತ ಹಳೇದಾದ್ರೆ, ಬೇರೆ ಮನೆ ನೋಡ್ಲಿ ಅಂತ ನನ್ನ ಸಲಹೆ. ಬಾಡಿಗೆ ಸಾವಿರ ಜಾಸ್ತಿ ಆದ್ರೂ ಪರವಾಗಿಲ್ಲ. ಯಾಕೆ ಅಂತ ಮುಂದಿನ ಉತ್ತರದಲ್ಲಿ ಹೇಳಿದೀನಿ.

ಪ್ರಶ್ನೆ (ಬೆಂಗಳೂರು, ಬನಶಂಕರಿ): ಅಹಮದಾಬಾದ್ ಭಚಾವ್‌ನಿಂದ ಅಷ್ಟು ದೂರ ಇದ್ರೂ ಅಪಾರ್ಟ್‌ಮೆಂಟ್‌ಗಳು ಬಿದ್ದಿದ್ದು ಹೇಗೆ? ಒಂದು ಬಿದ್ದು ಪಕ್ಕದ್ದು ನಿಂತಿತ್ತಂತೆ, ಅದು ಅದೃಷ್ಟನಾ?

ಉತ್ತರ: ಅದೃಷ್ಟ ಅಲ್ಲ ಸರ್, ಅದನ್ನ ಒತ್ತಿ ಹೇಳ್ಬೇಕು. ದೂರ ಹತ್ತಿರ ಹತ್ತಿರ 250 ಕಿಲೋಮೀಟರ್. ಅಷ್ಟು ದೂರ ಬರೋ ಹೊತ್ತಿಗೆ ಭೂಕಂಪದ ಚುರುಕಾದ ಕುಲುಕಾಟ ಸೋತಿರತ್ತೆ, ನಿಧಾನಕ್ಕೆ ತೂಗೋ ಅಲೆಗಳು ಉಳ್ಕೊಂಡಿರತ್ವೆ, ಸಬರಮತಿ ತಂದು ಹಾಕಿದ ದಪ್ಪ ಮೆಕ್ಕಲು ಮಣ್ಣು ಅಂಥ ಅಲೆಗಳನ್ನ ಇನ್ನೂ ದೊಡ್ಡದು ಮಾಡತ್ತೆ, ಬಹುಮಹಡಿ ಕಟ್ಟಡಗಳ ಸ್ವಂತ ಓಲಾಟದ ಲಯಾನೂ ಅಂಥದ್ದೇ ಆದ್ರಿಂದ ಚಿಕ್ಕ ಮನೆಗಳಿಗಿಂತ ಇವಕ್ಕೆ ಪೆಟ್ಟು ಜಾಸ್ತಿ. ಇಷ್ಟು ಪ್ರಕೃತಿ ಕಡೆಯಿಂದ.

ಮಿಕ್ಕಿದ್ದು ಮನುಷ್ಯರು ಮಾಡಿದ್ದು. ಬಿದ್ದ ಕಟ್ಟಡಗಳಲ್ಲಿ ತುಂಬ ಕಡೆ ಕಂಡಿದ್ದು ಒಂದೇ ಚಿತ್ರ, ಕೆಳಗೆ ಖಾಲಿ ಪಾರ್ಕಿಂಗ್, ಮೇಲೆ ಮನೆಗಳು. ಮೇಲಿನ ಮಹಡಿಗಳಲ್ಲಿ ಇಟ್ಟಿಗೆ ಗೋಡೆಗಳು ಪಿಲ್ಲರ್‌ಗಳ ಮಧ್ಯೆ ತುಂಬಿರೋದ್ರಿಂದ ಅಷ್ಟೂ ಮಹಡಿ ಸೇರಿ ಒಂದೇ ಗಟ್ಟಿ ಪೆಟ್ಟಿಗೆ ಆಗ್ಬಿಡತ್ತೆ, ಅಲುಗಾಟ ಎಲ್ಲಾ ಗೋಡೆ ಇಲ್ಲದ ಕೆಳಗಿನ ಮಹಡೀಲೇ ಆಗಬೇಕು, ಆ ಪಿಲ್ಲರ್‌ಗಳ ತಲೆ ಮತ್ತೆ ಬುಡದಲ್ಲಿ ಕಾಂಕ್ರೀಟ್ ಒಡೆದು ಉದುರಿ, ಕಂಬಿ ಹೊರಗೆ ಬಾಗಿ, ಮೇಲಿನದ್ದೆಲ್ಲ ಹಾಗೇ ಕುಸಿದು ಕೂರತ್ತೆ. ಜೊತೆಗೆ ಅಲ್ಲಿ ಮೇಲಿನ ಮಹಡಿಗಳನ್ನ ಹೊರಕ್ಕೆ ಚಾಚಿ ಕಟ್ಟೋ ಪದ್ಧತಿ ಇತ್ತು, ಚಾಚಿದ ಬೀಮ್ ತುದಿಯಿಂದ ಪಿಲ್ಲರ್ ಶುರುವಾಗತ್ತೆ, ಅದರ ಕೆಳಗೆ ನೆಲದವರೆಗೆ ಏನೂ ಇಲ್ಲ. ಇಂಥ ತೂಗೋ ಪಿಲ್ಲರ್ ಅಲುಗಾಟಕ್ಕೆ ಅತ್ಯಂತ ಕೆಟ್ಟದ್ದು. ಲಿಫ್ಟ್ ಸುತ್ತಲಿನ ಕಾಂಕ್ರೀಟ್ ಗೋಡೆ ಕಟ್ಟಡವನ್ನ ಹಿಡಿಬೇಕಿತ್ತು, ಎಷ್ಟೋ ಕಡೆ ಸ್ಲ್ಯಾಬ್‌ಗೂ ಅದಕ್ಕೂ ಸರಿಯಾದ ಜೋಡಣೆನೇ ಇರ್ಲಿಲ್ಲ, ಅದೊಂದೇ ನಿಂತು ಪಕ್ಕದ್ದು ಬಿದ್ದಿತ್ತು. ಪಕ್ಕದ ಕಟ್ಟಡ ಯಾಕೆ ನಿಂತಿತ್ತು ಅಂದ್ರೆ ಪಾರ್ಕಿಂಗ್‌ನಲ್ಲಿ ಅಲ್ಲಲ್ಲಿ ಗೋಡೆ ಇತ್ತೇನೋ, ಪಿಲ್ಲರ್ ದಪ್ಪ ಇತ್ತೇನೋ, ಪಿಲ್ಲರ್‌ನ ಉದ್ದ ಕಂಬಿಗಳನ್ನ ಸುತ್ತಿ ಹಿಡಿಯೋ ರಿಂಗ್‌ಗಳನ್ನ ಹತ್ತಿರ ಹತ್ತಿರ ಕಟ್ಟಿದ್ರೇನೋ. ಇಷ್ಟು ಸಣ್ಣ ವ್ಯತ್ಯಾಸದಲ್ಲಿ ಒಂದು ಮನೆಯವರು ಉಳೀತಾರೆ, ಇನ್ನೊಂದು ಮನೆಯವರು ಹೋಗ್ತಾರೆ, ನನಗೆ ಇದನ್ನ ಬರೆಯೋವಾಗ್ಲೂ ಸಂಕಟ ಆಗತ್ತೆ.

ಇದಾದ ಮೇಲೆ 2002ರಲ್ಲಿ ಭೂಕಂಪ ತಡೆಯೋ ಹಾಗೆ ಕಟ್ಟಡ ಡಿಸೈನ್ ಮಾಡೋಕೆ ಇರೋ ಐಎಸ್ 1893 ನಿಯಮ ಬದಲಾಯ್ತು, ಖಾಲಿ ಪಾರ್ಕಿಂಗ್ ಮಹಡಿಯ ಪಿಲ್ಲರ್ ಬೀಮ್‌ಗಳನ್ನ ಲೆಕ್ಕಕ್ಕೆ ಬಂದ ಬಲದ ಎರಡೂವರೆ ಪಟ್ಟಿಗೆ ಡಿಸೈನ್ ಮಾಡಿ, ಇಲ್ಲ ಕಾಂಕ್ರೀಟ್ ಗೋಡೆ ಕೊಡಿ ಅಂತ ಸೇರಿಸಿದ್ರು. ಬನಶಂಕರಿಯಲ್ಲಿ 2002ಕ್ಕಿಂತ ಮುಂಚಿನ ಪಾರ್ಕಿಂಗ್ ಬಿಲ್ಡಿಂಗ್‌ಗಳು ಎಷ್ಟಿದಾವೆ ಅಂತ ನಿಮ್ಮ ರಸ್ತೆಲೇ ಒಂದು ಸುತ್ತು ಹಾಕಿ ನೋಡಿ.

ಪ್ರಶ್ನೆ (ದಾವಣಗೆರೆಯಿಂದ ಒಬ್ಬ ಮೇಸ್ತ್ರಿ): ಎಂಜಿನಿಯರ್ ರಿಂಗ್‌ನ ಕೊಕ್ಕೆ ಒಳಕ್ಕೆ ಬಗ್ಗಿಸು ಅಂತಾರೆ, ಓನರ್ ಟೈಮ್ ವೇಸ್ಟ್ ಅಂತಾರೆ. ನಮ್ಮದು ಭೂಕಂಪದ ಊರಲ್ಲ, ಬೇಕಾ ಸರ್?

ಉತ್ತರ: ಬೇಕು ಮೇಸ್ತ್ರಿಗಳೇ. ಪಿಲ್ಲರ್ ಅಲುಗಾಡಿದಾಗ ಮೊದಲು ಹೊರಗಿನ ಕವರ್ ಕಾಂಕ್ರೀಟ್ ಉದುರತ್ತೆ. ಕೊಕ್ಕೆ 90 ಡಿಗ್ರಿಗೆ ಬಗ್ಗಿಸಿದ್ರೆ ಅದರ ತುದಿ ಆ ಕವರ್‌ನಲ್ಲೇ ಇರತ್ತೆ, ಕವರ್ ಹೋದ ತಕ್ಷಣ ರಿಂಗ್ ಬಿಚ್ಕೊಳತ್ತೆ, ಮೇನ್ ಕಂಬಿ ಹೊರಗೆ ಬಾಗತ್ತೆ, ಪಿಲ್ಲರ್ ಮುಗೀತು. 135 ಡಿಗ್ರಿ ಬಗ್ಗಿಸಿದ್ರೆ ತುದಿ ಒಳಗಿನ ಗಟ್ಟಿ ಕಾಂಕ್ರೀಟ್‌ನಲ್ಲಿ ಹೂತಿರತ್ತೆ, ಕವರ್ ಉದುರಿದ್ರೂ ಹಿಡ್ಕೊಂಡಿರತ್ತೆ. ಪಿಲ್ಲರ್‌ನ ಮೇಲೆ ಕೆಳಗೆ ಬೀಮ್ ಸೇರೋ ಹತ್ತಿರ ರಿಂಗ್‌ಗಳ ಮಧ್ಯೆ 100 ಮಿಲಿಮೀಟರ್‌ಗಿಂತ ಜಾಸ್ತಿ ಬಿಡಬೇಡಿ, ಮಧ್ಯದಲ್ಲಿ ಡ್ರಾಯಿಂಗ್‌ನಲ್ಲಿ ಇದ್ದ ಹಾಗೆ. ಐಎಸ್ 1893ರ 2016ರ ಆವೃತ್ತಿಯ ಭೂಕಂಪ ಅಪಾಯದ ನಕ್ಷೆಯಲ್ಲಿ ಬೆಂಗಳೂರು, ಮೈಸೂರು ಎರಡನೇ ಜೋನ್, ಮಂಗಳೂರು, ಕಾರವಾರ, ಬೆಳಗಾವಿ ಮೂರನೇ ಜೋನ್. ಎರಡನೇ ಜೋನ್ ಅಂದ್ರೆ ಅಪಾಯ ಕಮ್ಮಿ ಅಂತ, ಇಲ್ಲ ಅಂತಲ್ಲ. ಓನರ್‌ಗೆ ಈ ಉತ್ತರ ತೋರ್ಸಿ, ಬಾರ್ ಬೆಂಡರ್‌ಗೆ ಒಂದು ದಿನದ ಕೂಲಿ ಜಾಸ್ತಿ ಆಗ್ಬಹುದು, ಅಷ್ಟೇ.

ಪ್ರಶ್ನೆ (ಆಳಂದದಿಂದ): ನಮ್ಮದು ಕಲ್ಲು ಮಣ್ಣಿನ ಹಳೇ ಮನೆ. ಕಿಲ್ಲಾರಿ ಭೂಕಂಪದಲ್ಲಿ ಗೋಡೆ ಸೀಳಿತ್ತು. ಬೀಳಿಸಿ ಕಟ್ಟೋಕೆ ದುಡ್ಡಿಲ್ಲ.

ಉತ್ತರ: 1993 ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪದ ತೀವ್ರತೆ 6ರ ಆಚೀಚೆ, ಭುಜ್‌ಗೆ ಹೋಲಿಸಿದ್ರೆ ತುಂಬ ಚಿಕ್ಕದು, ಆದ್ರೂ ಹತ್ತಿರ ಹತ್ತಿರ 10 ಸಾವಿರ ಜನ ಮಲಗಿದ್ದಲ್ಲೇ ಹೋದ್ರು, ಕಾರಣ ನಿಮ್ಮ ಮನೆಯಂಥ ಗೋಡೆಗಳೇ. ಹೊರಗೊಂದು ಒಳಗೊಂದು ಕಲ್ಲಿನ ಸಾಲು, ಮಧ್ಯೆ ಪುಡಿಗಲ್ಲು ಮಣ್ಣು, ಎರಡನ್ನೂ ಹಿಡಿಯೋ ಉದ್ದನೆ ಕಲ್ಲಿಲ್ಲ, ಮೇಲೆ ದಪ್ಪ ಮಣ್ಣಿನ ಮಾಳಿಗೆ. ಅಲುಗಾಡ್ದಾಗ ಎರಡು ಸಾಲು ಬೇರೆ ಬೇರೆ ಆಗಿ ಹೊರಗಿನದ್ದು ಉಬ್ಬಿ ಬೀಳತ್ತೆ, ಮಾಳಿಗೆ ಒಳಕ್ಕೆ ಕೂರತ್ತೆ. ಕಚ್ಛ್‌ನ ಹಳೇ ಊರುಗಳಲ್ಲೂ ಕಲ್ಲಿನ ಗೋಡೆಗಳೇ ಬಿದ್ದಿದ್ದು. ಅಂಜಾರ್‌ನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲೆ ಮಕ್ಕಳ ಮೇಲೆ ಇಕ್ಕಟ್ಟಾದ ಓಣಿಯ ಎರಡೂ ಕಡೆ ಮನೆಗಳು ಬಿದ್ದು ಸುಮಾರು 185 ಮಕ್ಕಳು, 20 ಮೇಷ್ಟ್ರು ಹೋದ್ರು. ಅದೇ ಕಚ್ಛ್‌ನಲ್ಲಿ ಬನ್ನಿಯ ಭೂಂಗಾ ಅನ್ನೋ ದುಂಡನೆ ಮಣ್ಣಿನ ಮನೆಗಳು ಬಹುತೇಕ ಚೆನ್ನಾಗಿ ತಡ್ಕೊಂಡ್ವು, ಗೋಡೆ ದುಂಡಗಿರೋದ್ರಿಂದ ಮೂಲೆ ಸೀಳೋ ಪ್ರಶ್ನೆ ಇಲ್ಲ, ಚಾವಣಿ ಹಗುರ. ಅಂದ್ರೆ ಬಡವರ ಮನೆ ಆದ್ರೆ ಬಿದ್ದೇ ಬೀಳತ್ತೆ ಅಂತೇನಿಲ್ಲ.

ನೀವು ಪೂರ್ತಿ ಬೀಳಿಸೋದು ಬೇಡ. ಮೊದಲು ಮಾಳಿಗೆ ಮೇಲಿನ ಮಣ್ಣು ಕಮ್ಮಿ ಮಾಡಿ, ವರ್ಷ ವರ್ಷ ಸೋರತ್ತೆ ಅಂತ ಪದರದ ಮೇಲೆ ಪದರ ಹಾಕಿರ್ತೀರಲ್ಲ, ಅದನ್ನ ತೆಗೆದು ತೆಳ್ಳಗೆ ನೀರು ತಡಿಯೋ ಪದರ ಹಾಕ್ಸಿ. ಆಮೇಲೆ ಗೋಡೆಯಲ್ಲಿ ಅಲ್ಲಲ್ಲಿ ಆರ್‌ಪಾರ್ ತೂತು ಮಾಡಿ, ಒಂದೊಂದರಲ್ಲೂ ಕೊಕ್ಕೆ ಇರೋ ಕಂಬಿ ಇಟ್ಟು ಕಾಂಕ್ರೀಟ್ ತುಂಬಿದ್ರೆ ಎರಡು ಸಾಲು ಒಂದಾಗತ್ತೆ, ಕಿಲ್ಲಾರಿ ನಂತರ ಆ ಭಾಗದಲ್ಲಿ ಹೀಗೆ ಮಾಡಿದಾರೆ. ಬಾಗಿಲ ಮೇಲಿನ ಮಟ್ಟದಲ್ಲಿ ಒಳಗೂ ಹೊರಗೂ ಮನೆ ಸುತ್ತ ಕಂಬಿ ಜಾಲರಿ ಹಾಕಿ ಎರಡನ್ನೂ ಗೋಡೆ ಒಳಗಿಂದ ಕಟ್ಟಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ರೆ ಮೂಲೆ ಬಿಟ್ಕೊಳ್ಳೋದು ತಪ್ಪತ್ತೆ. ಒಂದೇ ಸಲ ಆಗದಿದ್ರೆ ಮಲಗೋ ಕೋಣೆ ಮೊದಲು ಮಾಡ್ಸಿ. ತೂತು ಒಟ್ಟಿಗೆ ಎಲ್ಲಾ ಕೊರೀಬೇಡಿ, ಒಂದು ತುಂಬಿ ಗಟ್ಟಿ ಆದ್ಮೇಲೆ ಅದರ ಪಕ್ಕದ್ದು, ಮತ್ತೆ ಕೆಲಸ ನಡಿಯೋವಾಗ ಆ ಕೋಣೇಲಿ ಯಾರೂ ಮಲಗೋದು ಬೇಡ.