1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ಒಯ್ಯುತ್ತಿದ್ದ ‘ಮೇಫ್ಲವರ್’ ಹಡಗಿನಿಂದ ಸಮುದ್ರಕ್ಕೆ ಬಿದ್ದ ಜಾನ್ ಹೌಲಂಡ್ ಬದುಕಿದ್ದು ಹೇಗೆ? ಅದರ ಮೂಲ ದಾಖಲೆಯನ್ನು ಈಗ ನೋಡಬಹುದೇ?

ಅವನನ್ನು ಉಳಿಸಿದ್ದು ಒಂದು ಹಗ್ಗ. ಬಿರುಗಾಳಿಯ ನಡುವೆ ಮೇಲಟ್ಟಕ್ಕೆ ಬಂದ ಈ ಯುವಕ, ಹಡಗು ಒಮ್ಮೆಲೇ ವಾಲಿದಾಗ ಅಟ್ಲಾಂಟಿಕ್‌ಗೆ ಎಸೆಯಲ್ಪಟ್ಟ. ಮೇಲಿನ ಹಾಯಿಯನ್ನು ಏರಿಸಿ ಇಳಿಸುವ ಹಗ್ಗ ಆಗ ಹಡಗಿನ ಹೊರಗೆ ಜೋತುಬಿದ್ದು ನೀರಿನಲ್ಲಿ ಉದ್ದಕ್ಕೆ ಹರಿದಿತ್ತು. ಅದು ಅವನ ಕೈಗೆ ಸಿಕ್ಕಿತು. ಹಲವು ಮಾರು ಆಳಕ್ಕೆ ಮುಳುಗಿದರೂ ಹಿಡಿತ ಬಿಡಲಿಲ್ಲ. ಅದೇ ಹಗ್ಗದಿಂದ ಅವನನ್ನು ನೀರಿನ ಮೇಲ್ಮೈಗೆ ಎಳೆದು, ದೋಣಿಯ ಕೊಕ್ಕೆಯಿಂದ ಹಡಗಿಗೆ ಹತ್ತಿಸಿಕೊಂಡರು. ಸ್ವಲ್ಪ ಕಾಯಿಲೆ ಬಿದ್ದ, ಅಷ್ಟೇ. ಮುಂದೆ ಅದೇ ಹಡಗಿನ ಸಹಪ್ರಯಾಣಿಕಳಾಗಿದ್ದ ಎಲಿಜಬೆತ್ ಟಿಲ್ಲಿಯನ್ನು ಮದುವೆಯಾಗಿ ಹತ್ತು ಮಕ್ಕಳ ತಂದೆಯಾದ.

ಇದನ್ನೆಲ್ಲ ಬರೆದಿಟ್ಟವರು ಸಹಪ್ರಯಾಣಿಕ ವಿಲಿಯಂ ಬ್ರಾಡ್‌ಫರ್ಡ್. ಅವರ ಹಸ್ತಪ್ರತಿಯ ಪಾಡೂ ಹೌಲಂಡನದರಂತೆಯೇ! ಅಮೆರಿಕದ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಬಾಸ್ಟನ್‌ನಿಂದ ಕಣ್ಮರೆಯಾಗಿ, 1855ರಲ್ಲಿ ಲಂಡನ್ ಬಿಷಪ್ಪರ ಗ್ರಂಥಾಲಯದಲ್ಲಿ ಪತ್ತೆಯಾಯಿತು. 1897ರಲ್ಲಿ ತಾಯ್ನೆಲಕ್ಕೆ ಮರಳಿತು.

ಈಗ ಅದು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ರಾಜ್ಯ ಗ್ರಂಥಾಲಯದಲ್ಲಿದೆ. ಗ್ರಂಥಾಲಯವೇ ಪುಟಗಳ ಡಿಜಿಟಲ್ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ, ಖಂಡಿತ ನೋಡಿ. ಒಂದು ಎಚ್ಚರಿಕೆ: ಚಿತ್ರವಾದ ಮಾತ್ರಕ್ಕೆ ಪದ ಹುಡುಕಲು ಬರುವುದಿಲ್ಲ. ಅದಕ್ಕೆ ಯಾರಾದರೂ ಓದಿ ಅಕ್ಷರಕ್ಕಿಳಿಸಬೇಕು. ಹದಿನೇಳನೆಯ ಶತಮಾನದ ಕಾಗುಣಿತವೂ ಬೇರೆ. ಹಡಗು ವಾಲಿದ್ದಕ್ಕೆ ಬ್ರಾಡ್‌ಫರ್ಡ್ ಬಳಸಿದ ‘ಸೀಲ್’ ಎಂಬ ಪದ ಇಂದಿನ ಇಂಗ್ಲಿಷ್ ಓದುಗರಿಗೂ ಅಪರಿಚಿತ. ಅಚ್ಚಾದ ಆವೃತ್ತಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಓದಿ.