ಅಕ್ವೇರಿಯಂ ಪ್ರಶ್ನೋತ್ತರ: ಮನೆಯಲ್ಲೇ ಕೋಪೆಪಾಡ್ ಸಾಕಣೆ

ಪ್ರಶ್ನೆ: ನಮ್ಮ ಉಪ್ಪುನೀರಿನ ತೊಟ್ಟಿಗೆ ಮ್ಯಾಂಡರಿನ್ ಮೀನು ತಂದು ತಿಂಗಳಾಯಿತು. ಪೆಲೆಟ್ ಮುಟ್ಟುವುದೇ ಇಲ್ಲ, ಹೊಟ್ಟೆ ಒಳಕ್ಕೆ ಹೋಗಿದೆ. ಇದರ ಸಹಜ ಆಹಾರವಾದ ಕೋಪೆಪಾಡ್ (ಸೀಗಡಿಯ ದೂರದ ಬಳಗದ ಅತಿ ಸಣ್ಣ ಜಲಜೀವಿ) ಮನೆಯಲ್ಲಿ ಬೆಳೆಸಬಹುದೇ? (ಬೆಂಗಳೂರು)

ಉತ್ತರ: ಬೆಳೆಸಬಹುದು. ಆದರೆ ಸಾಕಣೆ ಕೈಗೆ ಹತ್ತಲು ಮೂರು ವಾರವಾದರೂ ಬೇಕು, ನಿಮ್ಮ ಮೀನು ಅಷ್ಟು ದಿನ ಕಾಯಲಾರದು. ಜೀವಂತ ಕೋಪೆಪಾಡ್ ತುಂಬಿದ ಸ್ಟಾರ್ಟರ್ ಬಾಟಲಿ ಎರಡು ತರಿಸಿ, ಒಂದನ್ನು ಇವತ್ತೇ ತೊಟ್ಟಿಗೆ ಬಿಡಿ, ಇನ್ನೊಂದನ್ನು ಸಾಕಣೆಗೆ ಇಟ್ಟುಕೊಳ್ಳಿ. ಜೊತೆಗೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿಗಳನ್ನೂ ಕೊಟ್ಟುನೋಡಿ.

ಮ್ಯಾಂಡರಿನ್ ದಿನವಿಡೀ ಕಲ್ಲುಗಳ ಮೇಲಿಂದ ಆಹಾರ ಹೆಕ್ಕಿ ತಿನ್ನುವ ಮೀನು. ಹಾಗಾಗಿ ಸಂದುಗಳಲ್ಲಿ ಹರಿದಾಡುವ ಟಿಸ್ಬೆ ಎಂಬ ಕೋಪೆಪಾಡ್ ಜಾತಿಯೇ ಇದಕ್ಕೆ ಸರಿ. ಟಿಗ್ರಿಯೋಪಸ್ ಎಂಬ ಇನ್ನೊಂದು ಜಾತಿ ದೊಡ್ಡದು, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಆದರೆ ತಂಪು ಹೆಚ್ಚು ಬಯಸುತ್ತದೆ.

ಆಹಾರಕ್ಕೆ ಬಳಸುವ 10 ಲೀಟರಿನ ಬಿಳಿ ಬಕೆಟ್ ಎರಡು ತೆಗೆದುಕೊಳ್ಳಿ, ಒಂದು ಕೆಟ್ಟರೆ ಇನ್ನೊಂದು ಉಳಿಯಲಿ. ಪ್ರತಿಯೊಂದಕ್ಕೂ 8 ಲೀಟರ್ ನೀರು. ಮರೈನ್ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ ಹಾಕಿ, ರಿಫ್ರಾಕ್ಟೋಮೀಟರಿನಲ್ಲಿ (ನೀರಿನ ಉಪ್ಪಿನಂಶ ಅಳೆಯುವ ಸಾಧನ) ಸಾಪೇಕ್ಷ ಸಾಂದ್ರತೆ 1.023ರಿಂದ 1.025 ಬರುವಂತೆ ಹೊಂದಿಸಿ. ಅಡುಗೆ ಉಪ್ಪು ಬೇಡ. ಮನೆಯ ಆರ್‌ಒ ನೀರು ಬಳಸುವುದಾದರೆ ಮೊದಲು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ನೋಡಿ: ರುಚಿಗೆಂದು ಹಲವು ಯಂತ್ರಗಳು ಖನಿಜ ಬೆರೆಸುತ್ತವೆ. ನಿಮಗೆ ಬೇಕಾದದ್ದು ಟಿಡಿಎಸ್ ಸೊನ್ನೆಯ ಹತ್ತಿರವಿರುವ ನೀರು.

ಏರ್ ಪಂಪಿಗೆ ಏರ್‌ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿಸುವ ರಂಧ್ರಗಳ ಕಲ್ಲು) ಹಾಕಬೇಡಿ. ಸಣ್ಣ ಗುಳ್ಳೆಗಳು ಕೋಪೆಪಾಡ್‌ಗಳ ಮೈಗೆ ಸಿಕ್ಕಿಕೊಂಡು ಮೇಲಕ್ಕೆಳೆಯುತ್ತವೆ. ಗಟ್ಟಿ ಪ್ಲಾಸ್ಟಿಕ್ ಕೊಳವೆಯ ಬರಿ ಬಾಯಿಂದ ಸೆಕೆಂಡಿಗೆ ಒಂದೆರಡು ದೊಡ್ಡ ಗುಳ್ಳೆ ಬಂದರೆ ಸಾಕು.

ಪ್ರಶ್ನೆ: ಎರಡು ವಾರ ಚೆನ್ನಾಗಿ ಹೆಚ್ಚಿದವು, ಆಮೇಲೆ ಒಂದೇ ರಾತ್ರಿಯಲ್ಲಿ ನೀರು ಹಾಲಿನಂತಾಗಿ ಎಲ್ಲವೂ ಸತ್ತವು. ದಿನಾ ತಪ್ಪದೆ ಫೈಟೋಪ್ಲಾಂಕ್ಟನ್ (ಆಹಾರಕ್ಕೆ ಕೊಡುವ ಸೂಕ್ಷ್ಮ ಪಾಚಿ) ಹಾಕುತ್ತಿದ್ದೆ. (ಹುಬ್ಬಳ್ಳಿ)

ಉತ್ತರ: ದಿನಾ ತಪ್ಪದೆ ಹಾಕಿದ್ದೇ ಕಾರಣವಿರಬೇಕು. ಮನೆಯ ಸಾಕಣೆಗಳು ಹಸಿವಿನಿಂದ ಕೆಡುವುದಕ್ಕಿಂತ ಹೆಚ್ಚಾಗಿ ಅತಿಯಾದ ಆಹಾರದಿಂದ ಕೆಡುತ್ತವೆ. ತಿನ್ನದೆ ಉಳಿದ ಪಾಚಿ ಕೊಳೆತು ಬ್ಯಾಕ್ಟೀರಿಯಾ ಏರುತ್ತದೆ, ಆಮ್ಲಜನಕ ಇಳಿಯುತ್ತದೆ, ಅಮೋನಿಯಾ ಕೂಡುತ್ತದೆ. ಸ್ಪಿರುಲಿನಾ ಪುಡಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಕ್ಯಾಲೆಂಡರ್ ಬಿಟ್ಟು ಬಣ್ಣ ನೋಡಿ. ಬಕೆಟ್ಟಿನ ನೀರನ್ನು ಗಾಜಿನ ಲೋಟಕ್ಕೆ ತುಂಬಿ ಹಿಂದೆ ಈ ಪತ್ರಿಕೆ ಹಿಡಿಯಿರಿ. ತಿಳಿ ಹಸಿರಿನ ಮೂಲಕ ಅಕ್ಷರ ಓದಲು ಬರಬೇಕು. ಆ ಹಸಿರು ಪೂರ್ತಿ ಮಾಸಿದ ಮೇಲಷ್ಟೇ ಮತ್ತೆ ಹಾಕಿ. ನ್ಯಾನೊಕ್ಲೊರಾಪ್ಸಿಸ್ ಎಂಬ ಪಾಚಿ ಒಂದನ್ನೇ ನಂಬದೆ ಐಸೊಕ್ರೈಸಿಸ್ ಎಂಬ ಪಾಚಿಯನ್ನೂ ಬೆರೆಸಿ. ಮೀನಿಗೆ ಬೇಕಾದ ಡಿಎಚ್‌ಎ ಕೊಬ್ಬಿನಾಮ್ಲ ಮೊದಲನೆಯದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಎರಡನೆಯದರಲ್ಲಿ ಧಾರಾಳ.

ನೀರು ಮಬ್ಬಾಗಿ ವಾಸನೆ ಬರತೊಡಗಿದರೆ ಕಾಯಬೇಡಿ. 53 ಮೈಕ್ರಾನ್ ಜರಡಿಯಲ್ಲಿ ಸೋಸಿ, ಅಷ್ಟೇ ಉಪ್ಪು, ಅಷ್ಟೇ ಬಿಸಿಯಿರುವ ಹೊಸ ನೀರಿಗೆ ಬದುಕಿದವನ್ನು ಬಿಡಿ. ನೀರು ಆವಿಯಾದಾಗ ಮಾತ್ರ ಉಪ್ಪಿಲ್ಲದ ಆರ್‌ಒ ನೀರು ತುಂಬಿ.

ಪ್ರಶ್ನೆ: ಬಕೆಟ್ಟಿನಿಂದ ಕೋಪೆಪಾಡ್‌ಗಳನ್ನು ಎಷ್ಟು ದಿನಕ್ಕೊಮ್ಮೆ, ಎಷ್ಟು ತೆಗೆಯಬೇಕು? (ಮೈಸೂರು)

ಉತ್ತರ: ಟಾರ್ಚ್ ಬಿಟ್ಟಾಗ ಬಕೆಟ್ಟಿನ ಗೋಡೆಯ ತುಂಬ ಬಿಳಿ ಚುಕ್ಕಿಗಳು ಹರಿದಾಡಬೇಕು, ಅದಕ್ಕೆ ಮುಂಚೆ ಕೈಹಾಕಬೇಡಿ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಸೋಸಿ, ತೆಗೆದಷ್ಟು ಹೊಸ ಉಪ್ಪುನೀರು ಸೇರಿಸಿ. ಸೋಸಿದ ನೀರು ಕೊಳಕು, ತೊಟ್ಟಿಗೆ ಸುರಿಯಬೇಡಿ. ಕೋಪೆಪಾಡ್‌ಗಳನ್ನು ದೀಪ ಆರಿದ ಮೇಲೆ, ಪಂಪ್ ಅರ್ಧ ಗಂಟೆ ನಿಲ್ಲಿಸಿ, ಕಲ್ಲುಗಳ ಬುಡದಲ್ಲಿ ಬಿಡಿ. ನೆಗೆಯದೆ ನುಣುಪಾಗಿ ತೇಲುವ ದುಂಡನೆಯ ಚುಕ್ಕಿಗಳು ಕಂಡರೆ ಅವು ರಾಟಿಫರ್ ಎಂಬ ಬೇರೆ ಸೂಕ್ಷ್ಮಜೀವಿ. ಒಮ್ಮೆ ಹೊಕ್ಕರೆ ಪೂರ್ತಿ ತೆಗೆಯುವುದು ಕಷ್ಟ, ಹೊಸ ಸ್ಟಾರ್ಟರಿನಿಂದ ಶುರುಮಾಡುವುದೇ ಲೇಸು. ಪ್ರತಿ ಬಕೆಟ್ಟಿಗೂ ಬೇರೆ ಬೇರೆ ಜರಡಿ ಇಟ್ಟುಕೊಂಡರೆ ಈ ತೊಂದರೆ ಕಡಿಮೆ.

ಪ್ರಶ್ನೆ: ಮಲ್ಪೆ ಕಡಲಿನ ನೀರು ಬಲೆಯಲ್ಲಿ ಸೋಸಿ ನೇರ ತೊಟ್ಟಿಗೆ ಹಾಕಬಹುದೇ? (ಉಡುಪಿ)

ಉತ್ತರ: ಬೇಡ. ಕೋಪೆಪಾಡ್ ಖಂಡಿತ ಸಿಗುತ್ತವೆ, ಆದರೆ ಅವುಗಳ ಜೊತೆ ಹೈಡ್ರಾಯ್ಡ್ (ಕುಟುಕುವ ಸಣ್ಣ ಕಡಲಜೀವಿ), ಏಡಿಮರಿ, ಮೀನಿನ ಪರಾವಲಂಬಿಗಳೂ ಬರುತ್ತವೆ. ಬಂದರಿನ ಬಳಿಯ ನೀರಿನಲ್ಲಿ ಡೀಸೆಲ್ ಎಣ್ಣೆಯೂ ಇರುತ್ತದೆ. ಕಡಲ ಕೋಪೆಪಾಡನ್ನೇ ಸಾಕುವ ಆಸೆಯಿದ್ದರೆ ಸೂಕ್ಷ್ಮದರ್ಶಕದ ಕೆಳಗೆ ಮೊಟ್ಟೆಚೀಲ ಹೊತ್ತ ಒಂದೇ ಹೆಣ್ಣನ್ನು ಪಿಪೆಟ್‌ನಲ್ಲಿ ಎತ್ತಿ, ಸಣ್ಣ ಬಾಟಲಿಯಲ್ಲಿ ಬೇರೆಯಾಗಿ ಬೆಳೆಸಿ. ಅದರ ಸಂತತಿ ತುಂಬಿಕೊಂಡ ಮೇಲೆ ಬಕೆಟ್ಟಿಗೆ ವರ್ಗಾಯಿಸಿ. ಕರಾವಳಿಯ ಬೇಸಿಗೆಯಲ್ಲಿ ಬಕೆಟ್ಟನ್ನು ನೆಲದ ಮೇಲೆ, ಬಿಸಿಲು ಬೀಳದ ಕಡೆ ಇಡಿ. 30 ಡಿಗ್ರಿ ದಾಟಿದರೆ ಟಿಸ್ಬೆ ಸೊರಗುತ್ತದೆ, ಅಪೊಸೈಕ್ಲಾಪ್ಸ್ ಎಂಬ ಕೋಪೆಪಾಡ್ ಹೆಚ್ಚು ತಾಳಿಕೊಳ್ಳುತ್ತದೆ.